ಮೋಟರಿಗೆ ಹಿಡಿದ ವಾರ

ಹೋದ ತಿಂಗಳು ನಮ್ಮ ಮನೆಯ ಮಿಕ್ಸರ್ ಸುಟ್ಟಿತು. ಹೆಂಡತಿ ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿ ಕುಟ್ಟುವ ಬೇಸರಕ್ಕೆ ಅದರ ಬಾಯಿಮಟ್ಟ ಶೇಂಗಾ ತುರುಕಿ ಬಟನ್ ಒತ್ತಿದ್ದಳು. ಗುಂಯ್ ಎಂದಿತು, ಗೊರಗೊರ ಎಂದಿತು, ಆಮೇಲೆ ಅಡುಗೆಮನೆಯಿಂದ ಒಂದು ವಾಸನೆ ಬಂತು. ಸುಟ್ಟ ವಾರ್ನಿಷಿನ ವಾಸನೆ. ಮೂಗಿನಿಂದ ಹೊಕ್ಕು ಗಂಟಲಲ್ಲಿ ಕೂತು ಎರಡು ದಿನವಾದರೂ ಬಿಡದ ವಾಸನೆ ಅದು. ಪಡಸಾಲೆಯಲ್ಲಿ ಕೂತಿದ್ದ ನಾನು ಎದ್ದು ಹೊರಗೆ ನಡೆದೆ. "ಯಾಕ್ರೀ, ಒಂದ್ ಮಿಕ್ಸರ್ ಸುಟ್ಟದ್ದಕ್ಕ ಇಷ್ಟ್ಯಾಕ ಸಿಟ್ಟು?" ಎಂದು ಆಕೆ ಹಿಂದಿನಿಂದ ಕೂಗಿದಳು. ಸಿಟ್ಟು ಮಿಕ್ಸರಿನ ಮೇಲಿರಲಿಲ್ಲ. ಎಂಟು ವರ್ಷದಿಂದ ಆ ವಾಸನೆ ತಪ್ಪಿಸಿಕೊಂಡು ಓಡಾಡಿದವನು ನಾನು. ತಿಕೋಟಾದ ಒಂದು ಓಣಿಗೆ ಕಾಲಿಡಬಾರದೆಂದು, ಸುಟ್ಟ ಮೋಟರನ್ನು ವಿಜಯಪುರದ ತನಕ ಹೊತ್ತುಕೊಂಡು ಹೋಗಿ ರಿಪೇರಿ ಮಾಡಿಸಿಕೊಂಡು ಬರುತ್ತಿದ್ದೆ. ಕೊನೆಗೆ ಅದು ನನ್ನ ಅಡುಗೆಮನೆಗೇ ಬಂತು.

ಆ ಓಣಿಯಲ್ಲಿ ಒಂದು ವೈಂಡಿಂಗ್ ಅಂಗಡಿ ಇತ್ತು. ಸುಟ್ಟ ಮೋಟರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿ ಕೊಡುವ ಅಂಗಡಿ. ಅದರ ಮಾಲೀಕರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಅವರು ಬಹಳ ಒಳ್ಳೆಯವರಾಗಿದ್ದರು ಎಂದು ಬರೆದರೆ ಸುಳ್ಳಾಗುತ್ತದೆ. ಬಾಯಿ ಕೆಟ್ಟದ್ದು, ಸಿಟ್ಟು ಮೂಗಿನ ತುದಿಯಲ್ಲಿ. ಮೋಟರು ತಂದವನನ್ನು ಕೂರು ಎನ್ನುತ್ತಿರಲಿಲ್ಲ. ಮೊದಲು ಮೋಟರಿನ ಹೊಟ್ಟೆ ಬಿಚ್ಚಿ ಕಪ್ಪಾದ ಸುರುಳಿಯನ್ನು ಹೊರಗೆಳೆದು, ಅದನ್ನು ತಂದವನ ಮೂಗಿನ ಹತ್ತಿರ ಹಿಡಿದು, "ಮೂಸ್ ನೋಡು" ಎನ್ನುತ್ತಿದ್ದರು. "ನೀರಿಲ್ಲದ ಬಾವ್ಯಾಗ ಮೋಟರ್ ಓಡಸೀದಿ. ಇದು ನಿನ್ನ ಹೆಣದ ವಾಸನಿ, ಮೋಟರಂದಲ್ಲ." ಆ ಸುಟ್ಟ ಸುರುಳಿಗಳನ್ನು ಅಂಗಡಿಯ ಗೋಡೆಗೆ ಸಾಲಾಗಿ ಮೊಳೆ ಹೊಡೆದು ತೂಗುಹಾಕಿದ್ದರು. ಒಂದೊಂದರ ಕೆಳಗೂ ಮಾಲೀಕನ ಹೆಸರಿನ ಚೀಟಿ. ನನ್ನ ಹೆಸರಿನವು ಮೂರಿದ್ದವು. ಕೂತವರೆಲ್ಲ ಓದಿ ನಗಲೆಂದೇ ಅವನ್ನು ಅಲ್ಲಿ ಹಾಕಿದ್ದರು. ಆ ಗೋಡೆಯನ್ನು ಕಂಡರೆ ನನ್ನ ಮೈ ಉರಿಯುತ್ತಿತ್ತು.

ಆದರೂ ಅವರ ಹತ್ತಿರವೇ ಹೋಗಬೇಕಿತ್ತು, ಏಕೆಂದರೆ ಕೈ ಮಾತ್ರ ಬಂಗಾರ. ಮತ್ತೊಂದು ಕಾರಣವೂ ಇತ್ತು. ನಮ್ಮ ವಸ್ತಿಯ ಪ್ರತಿಯೊಬ್ಬನ ಸ್ಟಾರ್ಟರ್ ಡಬ್ಬಿಯೊಳಗೆ ಆಟೋ ಸ್ವಿಚ್ ಕೂರಿಸಿದವರು ಅವರೇ. ಘೋಣಸಗಿಯಿಂದ ಕಳ್ಳಕವಟಗಿಗೆ ಹೋಗುವ ದಾರಿಯ ಮಗ್ಗುಲಿಗೆ ಮೂವತ್ತು ಮನೆಗಳ ವಸ್ತಿ ನಮ್ಮದು. ಎಲ್ಲರದ್ದೂ ದ್ರಾಕ್ಷಿ ತೋಟ, ಎಲ್ಲರದ್ದೂ ಬಾವಿ, ಬಾವಿಗೊಂದು ಮೋಟರು. ತ್ರೀ ಫೇಜ್ ಕರೆಂಟು ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ಅಪರಾತ್ರಿ ಬರುತ್ತಿತ್ತು. ಬಟನ್ ಒತ್ತಲು ಕತ್ತಲಲ್ಲಿ ಹೊಲಕ್ಕೆ ಹೋದವರನ್ನು ಹಾವು ಮುಟ್ಟಿದ್ದೂ ಉಂಟು. ಚಾಚಾ ಹಾಕಿದ ಅಂಗೈಯಗಲದ ಆ ಆಟೋ ಬಂದ ಮೇಲೆ ಯಾರೂ ಹೋಗಬೇಕಿರಲಿಲ್ಲ. ಕರೆಂಟು ಬಂದ ಕೂಡಲೇ ಮೋಟರು ತಾನಾಗಿ ಚಾಲೂ. ಹೆಂಗಸರು ಅವರಿಗೆ ಕೈಯೆತ್ತಿ ಮುಗಿದಿದ್ದರು. ನಾವು ನಿದ್ದೆ ಮಾಡಿದೆವು, ಮೋಟರುಗಳು ಓಡಿದವು. ನಾಲ್ಕೈದು ವರ್ಷ ಹಾಗೆ ನಿದ್ದೆ ಮಾಡಿದೆವು... ಎದ್ದಾಗ ಬಾವಿಗಳು ತಳ ಕಂಡಿದ್ದವು.

ಆ ವರ್ಷವನ್ನು ಹೇಗೆ ಹೇಳಲಿ? ಮಳೆ ಕೆಟ್ಟಿತ್ತು ಎಂದರೆ ಸಾಲದು. ಮಳೆಗೆ ಬುದ್ಧಿಯೇ ಕೆಟ್ಟಿತ್ತು. ಬೇಡವಾದಾಗ ಬಂತು. ಮಾರ್ಚಿನಲ್ಲಿ ದ್ರಾಕ್ಷಿಯನ್ನು ಒಣದ್ರಾಕ್ಷಿ ಮಾಡಲು ಶೆಡ್ಡಿನಲ್ಲಿ ಹರವಿದಾಗ ಆಲಿಕಲ್ಲಿನ ಜೊತೆ ಬಂದು ಅರ್ಧಕ್ಕರ್ಧ ಮಾಲು ಕಪ್ಪು ಮಾಡಿ ಹೋಯಿತು. ಬೇಕಾದಾಗ ಬರಲಿಲ್ಲ. ರೋಹಿಣಿ ಹೋಯಿತು, ಮೃಗಶಿರ ಹೋಯಿತು, ಆರಿದ್ರಾ ಬಂದರೂ ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ. ಏಪ್ರಿಲಿನಲ್ಲಿ ಕಡ್ಡಿ ಕತ್ತರಿಸಿದ ದ್ರಾಕ್ಷಿ ಬಳ್ಳಿಗಳು ಹೊಸ ಚಿಗುರು ಹೊತ್ತು ನೀರು ಕೇಳುತ್ತಿದ್ದವು. ನನಗೆ ಯಾರನ್ನು ಕಂಡರೂ ಸಿಟ್ಟು. ಆಕಾಶದ ಮೇಲೆ ಸಿಟ್ಟು. ಪಕ್ಕದ ತೋಟದ ದೊಡ್ಡಪ್ಪನ ಮಗನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು, ಏಕೆಂದರೆ ಅವನ ಬಾವಿ ನನ್ನದಕ್ಕಿಂತ ಎರಡು ಮಾರು ಆಳ. ಅವನ ಮೋಟರು ಓಡಿದಾಗಲೆಲ್ಲ ನನ್ನ ನೀರನ್ನೇ ಎಳೆಯುತ್ತಿದೆ ಎನಿಸುತ್ತಿತ್ತು. ನನ್ನ ಮೋಟರು ಓಡಿದಾಗ ಅವನಿಗೂ ಹಾಗೇ ಅನಿಸಿರಬೇಕು. ಇಬ್ಬರೂ ಮಾತು ಬಿಟ್ಟು ವರ್ಷವಾಗಿತ್ತು.

ಅದೇ ದಿನಗಳಲ್ಲಿ ವಿಜಯಪುರದಲ್ಲಿ ರೈತರಿಗೊಂದು ತರಬೇತಿ ಎಂದು ಕರೆದಿದ್ದರು. ಹವಾಮಾನ ಬದಲಾವಣೆಯ ಬಗ್ಗೆ. ಊಟವಿದೆ ಎಂದು ಹೋದೆ. ಫ್ಯಾನಿನ ಕೆಳಗೆ ಕೂರಿಸಿ, ಕಣ್ಣು ಮುಚ್ಚಿಸಿ, ಎದೆಯ ಮೇಲೆ ಕೈ ಇಡಿಸಿ, "ಭೂಮಿತಾಯಿಯ ನೋವನ್ನು ಒಳಗೆ ಅನುಭವಿಸಿ, ಒಳಗಿನ ಗಾಯ ಮಾಯದೆ ಹೊರಗಿನದು ಮಾಯುವುದಿಲ್ಲ" ಎಂದರು. ನನಗೆ ಒಳಗೆ ಅನುಭವಕ್ಕೆ ಬಂದದ್ದು ಹಸಿವು ಮತ್ತು ಆ ಮಾತಾಡಿದವನ ಇಸ್ತ್ರಿ ಅಂಗಿಯ ಮೇಲಿನ ಕೋಪ. ಬರುವಾಗ ಚಾಚಾನ ಅಂಗಡಿಯಲ್ಲಿ ಇದನ್ನು ಹೇಳಿ ನಕ್ಕೆ. ಅವರು ನಗಲಿಲ್ಲ. "ಅಂವ ಹೇಳಿದ್ದು ಖರೇನ ಐತಿ. ಖರೆ, ಕಣ್ಣ ಮುಚ್ಚಿ ಕುಂತ್ರ ಮೋಟರ್ ಬಂದ್ ಆಗತಾವೇನ್ಲೇ?" ಎಂದರು.

ಆಗಲೇ ನಾನು ವಾರದ ಸುದ್ದಿ ಹೇಳಿದ್ದು. ನಮ್ಮ ಕಡೆ ಮಳೆ ತಡವಾದರೆ ಊರೆಲ್ಲ ಸೇರಿ ವಾರ ಹಿಡಿಯುವುದುಂಟು. ಐದು ಮಂಗಳವಾರ ಯಾರೂ ಎತ್ತಿನ ಹೆಗಲಿಗೆ ನೊಗ ಇಡಬಾರದು, ಕುಡಗೋಲು ಮುಟ್ಟಬಾರದು, ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಬಾರದು. ಹಿಂದಿನ ದಿನ ಬಡಿದಿಟ್ಟ ಕಟಕ ರೊಟ್ಟಿ ತಿಂದು ಸುಮ್ಮನೆ ಕೂರಬೇಕು. ದೊಡ್ಡಪ್ಪನ ಮಗನೇ ವಸ್ತಿಯ ಹಿರಿಯನಾಗಿ ಆ ವರ್ಷ ಡಂಗುರ ಸಾರಿಸಿದ್ದ. ಚಾಚಾ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು ನನ್ನನ್ನೇ ನೋಡಿದರು.

"ನಿಮ್ಮ ವಸ್ತ್ಯಾಗ ಎತ್ತ ಎಷ್ಟ ಅದಾವ?"

"ಒಂದ್ ಜೋಡಿ. ಅವೂ ಮುದ್ಯಾಗ್ಯಾವ."

"ಮೋಟರ್?"

ನನ್ನ ಕಣ್ಣು ಗೋಡೆಗೆ ತೂಗುತ್ತಿದ್ದ ನನ್ನ ಮೂರು ಸುರುಳಿಗಳತ್ತ ಹೋಯಿತು.

"ಎತ್ತ ಇಲ್ಲದ ಊರಾಗ ಎತ್ತಿಗೆ ರಜಾ ಕೊಡತೀರಿ. ಮನಿಮಂದಿಗೆ ತಂಗಳ ರೊಟ್ಟಿ ತಿನಸತೀರಿ. ನಿಮ್ಮ ಎತ್ತು ಈಗ ಮೋಟರ್ ಅಲ್ಲೇನು? ಅದರ ಹೆಗಲ ಮ್ಯಾಲಿನ ನೊಗ ತಗೀರಿ ಮೊದಲ. ಆಮ್ಯಾಲ ಮಳಿ ಕೇಳ್ರಿ."

ಮರುದಿನ ತಮ್ಮ ಲೂನಾ ಹತ್ತಿ ವಸ್ತಿಗೇ ಬಂದರು. ಸೇದುವ ಬಾವಿಯ ಕಟ್ಟೆಯ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ಅದೇ ಮಾತು ಹೇಳಿದರು, ಇನ್ನೂ ನಾಲ್ಕು ಬೈಗುಳ ಸೇರಿಸಿ. ಆ ಬಾವಿಯ ಬಗ್ಗೆ ಹೇಳಬೇಕು. ಮೂವತ್ತು ಮನೆಗೂ ಕುಡಿಯುವ ನೀರಿಗೆ ಅದೊಂದೇ. ಮೆಟ್ಟಿಲುಗಳಿರುವ ಹಳೆಯ ಬಾವಿ. ಸುತ್ತಲಿನ ಮೋಟರುಗಳು ಓಡಿದಷ್ಟೂ ಅದರ ನೀರು ಕೆಳಗೆ ಸರಿಯುತ್ತಿತ್ತು. ಆ ಹೊತ್ತಿಗೆ ಕೊಡ ಬಿಟ್ಟರೆ ಕೆಸರಿಗೆ ತಾಗುತ್ತಿತ್ತು. ಹೆಂಗಸರು ಹಗ್ಗಕ್ಕೆ ಹಗ್ಗ ಗಂಟು ಹಾಕಿದ್ದರು. ಅದು ಬತ್ತಿದರೆ ಟ್ಯಾಂಕರಿಗೆ ಕೈಯೊಡ್ಡಬೇಕು, ಇಲ್ಲವೇ ವಸ್ತಿಯೇ ಎದ್ದು ಹೋಗಬೇಕು.

"ಐದ ಮಂಗಳವಾರ. ಒಂದ್ ದಿನ ಒಬ್ಬರೂ ಮೋಟರ್ ಹಚ್ಚಬ್ಯಾಡ್ರಿ. ನೀರ ಏರತೈತೋ ಇಲ್ಲೋ ಕಣ್ಣಾರೆ ನೋಡ್ರಿ. ಏರಲಿಲ್ಲಂದ್ರ ಬಂದು ನನ್ನ ಮಾರಿಗೆ ಉಗಳ್ರಿ" ಎಂದರು ಚಾಚಾ.

"ಮೋಟರ್ ಸುಟ್ರ ನಿನಗ ಲಾಭ. ನೀನ್ಯಾಕ ಬಂದ್ ಮಾಡಸ್ತಿ? ಏನೋ ಐತಿ ಇದರಾಗ" ಎಂದ ದೊಡ್ಡಪ್ಪನ ಮಗ.

ಎಲ್ಲರೂ ತಲೆದೂಗಿದರು. ನಾನೂ ದೂಗಿದೆ. ಪುಕ್ಕಟೆ ಒಳ್ಳೆಯದು ಹೇಳುವವನನ್ನು ನಾವು ನಂಬುವುದಿಲ್ಲ. ಆದರೆ ವಾರದ ವಿಷಯವಾದ್ದರಿಂದ ಎದ್ದು ನಿಂತು ಆಗದು ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಹೂಂ ಎಂದೆವು. ಚಾಚಾ ಮೆಟ್ಟಿಲಿಳಿದು ನೀರಿನ ಅಂಚಿಗೆ ವೈಂಡಿಂಗಿನ ಕೆಂಪು ವಾರ್ನಿಷಿನಿಂದ ಒಂದು ಗೆರೆ ಎಳೆದರು.

ಮೊದಲ ಮಂಗಳವಾರ ಎಲ್ಲರೂ ಬಾವಿಕಟ್ಟೆಯ ಬೇವಿನ ಕೆಳಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಇಟ್ಟುಕೊಂಡು ಭಕ್ತಿಯಿಂದ ಕೂತೆವು. ಹತ್ತು ಗಂಟೆಗೆ ಕರೆಂಟು ಬಂತು. ಒಂದು ಕ್ಷಣ... ಆಮೇಲೆ ಸುತ್ತಲಿನ ಮೂವತ್ತು ಬಾವಿಗಳಿಂದ ಗುಂಯ್ ಎಂದು ಮೋಟರುಗಳು ಎದ್ದವು. ಒಂದೂ ತಪ್ಪಲಿಲ್ಲ. ವಾರ ಹಿಡಿದಿದ್ದೆವು, ಆದರೆ ಆಟೋ ತೆಗೆಯಬೇಕೆಂಬುದು ಒಬ್ಬನ ತಲೆಗೂ ಹೊಳೆದಿರಲಿಲ್ಲ. ಹೊಳೆದಿತ್ತೋ ಏನೋ, ಪಕ್ಕದವನು ತೆಗೆಯಲಿ ಎಂದು ಬಿಟ್ಟಿದ್ದೆವೋ ಏನೋ. "ನಾವೇನ್ ಮುಟ್ಟಿಲ್ಲವಾ! ತಾನ ಚಾಲೂ ಆತು" ಎಂದು ಒಬ್ಬರಿಗೊಬ್ಬರು ಸಾಕ್ಷಿ ಹೇಳಿಕೊಂಡೆವು. ಯಾರೂ ಎದ್ದು ಹೋಗಿ ಬಂದ್ ಮಾಡಲಿಲ್ಲ. ಬಟನ್ ಮುಟ್ಟಿದರೆ ವಾರ ಮುರಿಯುತ್ತದಲ್ಲ! ಕೈ ಶುದ್ಧವಾಗಿತ್ತು, ಬಾಯಲ್ಲಿ ಕಟಕ ರೊಟ್ಟಿಯಿತ್ತು, ನೀರು ಮಾತ್ರ ಸಂಜೆಯವರೆಗೆ ಹರಿಯಿತು.

ಸಂಜೆ ನೀರು ನೋಡಲು ಬಂದ ಚಾಚಾ ಇದನ್ನು ಕೇಳಿ ಮೊದಲು ಬೈದರು. ನಮ್ಮ ಮೂರು ತಲೆಮಾರು ಬೈದರು. ಆಮೇಲೆ ಲೂನಾದ ಮೇಲೆ ಕೂತು ತಮ್ಮ ಕೈಗಳನ್ನೇ ನೋಡಿಕೊಂಡು, "ಹಚ್ಚಿದಾಂವ ನಾನ ಅಲ್ಲೇನು" ಎಂದರು. ಆ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಮರುದಿನ ತೋಟದಿಂದ ತೋಟಕ್ಕೆ ಹೋಗಿ ಒಂದೊಂದೇ ಆಟೋ ಬಿಚ್ಚಿದರು, ಮನೆಯವರ ಹೆಸರಿನ ಚೀಟಿ ಕಟ್ಟಿದರು, ಎಣ್ಣೆ ಡಬ್ಬಿಗೆ ಹಾಕಿಕೊಂಡರು. "ಉಳದ ದಿನ ಕೈಲೆ ಬಟನ್ ಒತ್ರಿ. ಐದು ವಾರ ಮುಗೀಲಿ, ತಿರಗಿ ನಾನ ಹಚ್ಚಿ ಕೊಡತೇನಿ" ಎಂದರು. ನನ್ನದು ಬಿಚ್ಚುವಾಗ ನಾನು ಅಲ್ಲೇ ಇದ್ದೆ. ಮುಖ ಸಿಂಡರಿಸಿಕೊಂಡಿದ್ದೆ.

ಎರಡನೆಯ ಮಂಗಳವಾರ ಕರೆಂಟು ಬಂದದ್ದು ನಮಗೆ ಗೊತ್ತಾದದ್ದು ಮೋಟರು ಮನೆಯ ಬಲ್ಬು ನೋಡಿ. ಹೊರಗೆ ಒಂದೂ ಸಪ್ಪಳವಿಲ್ಲ. ನಾನು ತೋಟದ ಬದುವಿನ ಮೇಲೆ ಕೂತಿದ್ದೆ. ಎಷ್ಟೋ ವರ್ಷದಿಂದ ನನ್ನ ಕಿವಿಯೊಳಗೆ ಒಂದು ಗುಂಯ್ ಇತ್ತು, ಅದು ಇತ್ತೆಂಬುದೇ ಅಂದು ನಿಂತಾಗ ತಿಳಿಯಿತು. ದೂರದಲ್ಲಿ ಯಾರದೋ ಆಡು ಒದರಿತು. ದೊಡ್ಡಪ್ಪನ ಮಗ ತನ್ನ ಬಳ್ಳಿಗಳ ನಡುವೆ ಕೆಮ್ಮಿದ್ದು ಕೇಳಿತು. ಅಷ್ಟು ಹತ್ತಿರ ಇದ್ದಾನೆಂದು ಗೊತ್ತಿರಲಿಲ್ಲ. ಅವನೂ ನನ್ನನ್ನು ನೋಡಿದ. "ಚಾ ಕುಡದ್ಯಾ?" ಎಂದ. ಒಂದು ವರ್ಷದ ಮೇಲೆ ಆಡಿದ ಮಾತು ಅದು. "ಇನ್ನೂ ಇಲ್ಲ" ಎಂದೆ. ಅಷ್ಟೇ. ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ ಎಂಬುದು ಆಮೇಲೆ ಗಮನಕ್ಕೆ ಬಂತು. ಯಾರೂ ಇಡಿಸಿರಲಿಲ್ಲ. ಒಳಗೆ ಏನೋ ಉರಿಯುತ್ತಿದ್ದದ್ದು ತುಸು ಆರಿದ ಹಾಗಿತ್ತು. ನನಗೆ ಅಳು ಬಂತು, ಅದಕ್ಕೂ ಸಿಟ್ಟು ಬಂತು.

ಸಂಜೆ ನೀರು ಕೆಂಪು ಗೆರೆಯನ್ನು ಮುಳುಗಿಸಿತ್ತು. ಅರ್ಧ ಮೆಟ್ಟಿಲು. ಹೆಂಗಸರು ಬಗ್ಗಿ ಬಗ್ಗಿ ನೋಡಿದರು. ಬಬಲೇಶ್ವರದವಳಾದ ನನ್ನ ಹೆಂಡತಿ ತವರಿನ ಕೆರೆ ತುಂಬಿದ್ದನ್ನು ನೋಡಿದವಳು. ಅವಳು ಕೂಡ ಆ ಅರ್ಧ ಮೆಟ್ಟಿಲಿಗೆ ಅರಿಸಿನ ಕುಂಕುಮ ಹಾಕಿದಳು. ಚಾಚಾ ಹೊಸ ಗೆರೆ ಎಳೆದು, "ಏನ್ ನೋಡತೀರಿ? ಇನ್ನ ಕೆಸರ ಐತಿ ಅದು" ಎಂದು ಬೈದು ಹೋದರು. ಮೂರನೆಯ ಮಂಗಳವಾರ ಮತ್ತೊಂದು ಮೆಟ್ಟಿಲು.

ಆದರೆ ಮಳೆ ಬರಲಿಲ್ಲ. ನನ್ನ ಹೊಸ ಪ್ಲಾಟಿನ ಬಳ್ಳಿಗಳ ಎಲೆ ಹಳದಿಯಾಗಿ ಅಂಚು ಸುರುಟತೊಡಗಿತು. ಬೇರೆಯವರವೂ ಸುರುಟಿದ್ದವು, ಆದರೆ ಬೇರೆಯವರವು ನನ್ನ ಕಣ್ಣಿಗೆ ಬೀಳಲಿಲ್ಲ. ವಾರಕ್ಕೊಂದು ದಿನ ನೀರು ತಪ್ಪಿದ್ದರಿಂದಲೇ ಹೀಗಾಯಿತೆಂದು ಲೆಕ್ಕ ಹಾಕಿದೆ. ಬಟನ್ ಒತ್ತಿದರೆ ವಾರ ಮುರಿದ ಪಾಪ. ಒತ್ತದಿದ್ದರೆ? ನಾನು ಬಸ್ಸು ಹತ್ತಿ ವಿಜಯಪುರಕ್ಕೆ ಹೋಗಿ ಒಂದು ಹೊಸ ಆಟೋ ತಂದು ಕೂರಿಸಿದೆ. ಆ ವಾರ ಕರೆಂಟಿನ ಪಾಳಿ ರಾತ್ರಿಯದು. ಎಲ್ಲರೂ ಮಲಗಿದ ಮೇಲೆ ಅದು ತಾನಾಗಿ ಓಡುತ್ತದೆ, ತಾನಾಗಿ ನಿಲ್ಲುತ್ತದೆ. ನಾನು ಮುಟ್ಟುವುದಿಲ್ಲ. ದೇವರಿಗೆ ನನ್ನ ಕೈ ತೋರಿಸಿದರೆ ಅದು ಶುದ್ಧವಾಗಿಯೇ ಇರುತ್ತದೆ.

ಪಾಳಿ ಬದಲಾದದ್ದು ನನಗೆ ಗೊತ್ತಿರಲಿಲ್ಲ. ನಾಲ್ಕನೆಯ ಮಂಗಳವಾರ ಮಟಮಟ ಮಧ್ಯಾಹ್ನ ಕರೆಂಟು ಬಂತು. ಮೂವತ್ತು ಮೋಟರು ಕೂಗುವಾಗ ಒಂದು ಮೋಟರು ಯಾರಿಗೂ ಕೇಳುವುದಿಲ್ಲ. ಇಪ್ಪತ್ತೊಂಬತ್ತು ಸುಮ್ಮನಿರುವಾಗ ಒಂದೇ ಒಂದು ಕೂಗಿದರೆ ಕಳ್ಳಕವಟಗಿಗೂ ಕೇಳುತ್ತದೆ. ಇರುಳು ಕಂಡ ಬಾವಿಗೆ ನಾನು ಹಗಲೇ ಬಿದ್ದಿದ್ದೆ.

ಬೇವಿನ ಕೆಳಗೆ ಕೂತವರೆಲ್ಲ ಎದ್ದು ನನ್ನ ತೋಟಕ್ಕೆ ಬಂದರು. ನೀರು ನೋಡಲು ಆಗಲೇ ಬಂದಿದ್ದ ಚಾಚಾ ಅವರಿಗಿಂತ ಮೊದಲು ಮೋಟರು ಮನೆ ಹೊಕ್ಕು ಸ್ವಿಚ್ ಎಳೆದಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ಡಬ್ಬಿ ತೆರೆದರು, ಒಳಗಿನ ಹೊಸ ಆಟೋ ನೋಡಿದರು, ನನ್ನ ಮುಖ ನೋಡಿದರು. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಅಷ್ಟರಲ್ಲಿ ದೊಡ್ಡಪ್ಪನ ಮಗ ಬಂದ.

"ಯಾಂವಲೇ ಅಂವ ವಾರ ಮುರದಾಂವ?"

ನಾನು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದೆ. ಚಾಚಾ ಹೊರಗೆ ಬಂದರು.

"ನಾನ. ಮುಂಜಾನೆ ಬಂದು ಇವನ ಮೋಟರ್ ಟೆಸ್ಟ್ ಮಾಡಾಕ ಆಟೋ ಹಚ್ಚಿದ್ದೆ. ತಗಿಯೂದ ಮರತೆ."

"ಮರತ್ಯಾ? ಇಲ್ಲಾ ಬೇಕಂತ ಮಾಡಿದ್ಯಾ? ಮೊದಲ ದಿನಾನ ಅಂದಿದ್ದೆ ನಾನು, ಇದರಾಗ ಏನೋ ಐತಿ ಅಂತ." ಅವನು ಚಾಚಾನ ಕೊರಳಪಟ್ಟಿ ಹಿಡಿದ. ಕನ್ನಡಕ ಕೆಳಗೆ ಬಿತ್ತು. ಹಿಂದಿನಿಂದ ಯಾರೋ, "ನಮ್ಮ ವಾರ ಅಂದ್ರ ನಿನಗೇನ ಗೊತ್ತಲೇ, ನಿನಗೇನ ಸಂಬಂಧ?" ಎಂದರು. ಆ ಮಾತು ಕೊರಳಪಟ್ಟಿಗಿಂತ ಹೊಲಸಾಗಿತ್ತು. ನಾವೆಲ್ಲ ಕೇಳಿಸಿಕೊಂಡೆವು, ಯಾರೂ ಅಲ್ಲಗಳೆಯಲಿಲ್ಲ. ಇನ್ನು ಈ ವಸ್ತಿಯಲ್ಲಿ ಕಾಲಿಟ್ಟರೆ ಕಾಲು ಮುರಿಯುತ್ತೇವೆ ಎಂದರು. ಇಷ್ಟೆಲ್ಲ ಆಗುವಾಗ ನಾನು ಎರಡು ಮಾರು ದೂರದಲ್ಲಿದ್ದೆ. ಬಗ್ಗಿ ಆ ಕನ್ನಡಕವನ್ನಾದರೂ ಎತ್ತಿ ಕೊಡಬಹುದಿತ್ತು.

ಅವರು ಲೂನಾ ತಳ್ಳಿಕೊಂಡು ರಸ್ತೆಯವರೆಗೆ ಹೋದರು. ಎಲ್ಲರೂ ಚದುರಿದ ಮೇಲೆ ನಾನು ಓಡಿಹೋಗಿ ಹಿಡಿದೆ. "ಚಾಚಾ, ಯಾಕ..." ಎಂದೆ.

"ಹತ್ತಿರ ಬರಬ್ಯಾಡ. ವಾಸನಿ ಬಡೀತೈತಿ" ಎಂದರು. ಆಮೇಲೆ, ರಸ್ತೆ ನೋಡುತ್ತ: "ನಿನ್ನ ಉಳಸಾಕ ಹೇಳಿಲ್ಲ ನಾ. ನೀ ಅಂತ ಗೊತ್ತಾದ್ರ ಈ ಮಂದಿ ಜಲ್ಮದಾಗ ಒಬ್ಬರನ್ನೊಬ್ಬರು ನಂಬೂದಿಲ್ಲ. ಇನ್ನೊಂದ್ ಸಲ ಆ ಕಟ್ಟಿ ಮ್ಯಾಲ ಕೂಡಿ ಕುಂಡ್ರೂದಿಲ್ಲ. ನಾನಾದ್ರ ಹೊರಗಿನಾಂವ. ನಾಕ ದಿನ ಬೈತಾರ, ಮತ್ತ ಕೂಡತಾರ."

"ನಾ ಹೇಳತೇನ್ರಿ ಖರೇದು..."

"ಬಾಯಿ ಮುಚ್ಚು. ಅದ ನಿನ್ನ ವಾರ. ಅದನ್ನರ ಮುರೀಬ್ಯಾಡ."

ಲೂನಾ ಚಾಲೂ ಮಾಡಿಕೊಂಡು ಹೋದರು. ಒಡೆದ ಕನ್ನಡಕ ಹಾಕಿಕೊಂಡೇ ಹೋದರು.

ವಾರ ಹೇಗೂ ಕೆಟ್ಟಿತೆಂದು ಐದನೆಯ ಮಂಗಳವಾರ ಎಲ್ಲರೂ ಕೈಯಾರೆ ಬಟನ್ ಒತ್ತಿದರು. ಎರಡು ದಿನದಲ್ಲಿ ಕೆಂಪು ಗೆರೆಗಳೆಲ್ಲ ಬಿಸಿಲಿಗೆ ಬಿದ್ದವು. ಆ ವರ್ಷ ಟ್ಯಾಂಕರು ಬಂತು. ಮಳೆ ಬಂದದ್ದು ಬಹಳ ತಡವಾಗಿ, ಬಂದ ದಿನ ಬದು ಕೊಚ್ಚಿಕೊಂಡು ಹೋಯಿತು. ಬಿಚ್ಚಿಕೊಂಡು ಹೋದ ಆಟೋಗಳನ್ನು ಚಾಚಾ ನುಂಗಿದರೆಂದು ವಸ್ತಿಯಲ್ಲಿ ಮಾತಾಯಿತು. ಕಾಲು ಮುರಿಯುತ್ತೇವೆ ಎಂದವರೇ, ತಂದು ಕೊಡಲಿಲ್ಲ ಎಂದು ಬೈದರು. ಎಲ್ಲರೂ ಹೊಸದು ತಂದರು.

ಚಾಚಾನ ಲೆಕ್ಕ ತಪ್ಪಲಿಲ್ಲ. ಮರುವರ್ಷ ದೊಡ್ಡಪ್ಪನ ಮಗನೇ ಎಲ್ಲರನ್ನೂ ಕರೆದ. "ಎರಡ ವಾರ ನೀರ ಏರಿದ್ದು ಖರೆ ಐತಿ. ಕೆಡಸಿದಾಂವ ಆ ವೈಂಡಿಂಗಿನಾಂವ. ಈ ಸಲ ಅಂವ ಇಲ್ಲದ ಮಾಡೂಣು" ಎಂದ. ಆಟೋಗಳನ್ನು ಬಿಚ್ಚಿ ಅವನ ಟ್ರಂಕಿನಲ್ಲಿಟ್ಟೆವು. ಐದು ಮಂಗಳವಾರವೂ ನಿಂತಿತು. ಈಗ ಬೇಸಿಗೆಯುದ್ದಕ್ಕೂ ಪ್ರತಿ ಮಂಗಳವಾರ ನಮ್ಮಲ್ಲಿ ಮೋಟರಿಗೆ ವಾರ. ತೋಟದ ಒಂದು ತುಂಡನ್ನು ಎಲ್ಲರೂ ಕಡಿಮೆ ಮಾಡಿದ್ದೇವೆ. ಸೇದುವ ಬಾವಿ ಆಮೇಲೆ ಬತ್ತಿಲ್ಲ. ಪ್ರತಿ ವರ್ಷ ಕಟ್ಟೆಯ ಮೇಲೆ ಕೂತಾಗ ಮೊದಲು ಚಾಚಾನನ್ನು ಬೈಯುವುದು ನಮ್ಮಲ್ಲಿ ರೂಢಿಯಾಯಿತು. ಕೆಲವರು ಚೆನ್ನಾಗಿ ಬೈಯುತ್ತಾರೆ, ಉಳಿದವರು ನಗುತ್ತಾರೆ. ನಾನು ರೊಟ್ಟಿ ಮುರಿಯುತ್ತ ಕೂರುತ್ತೇನೆ. ನಮ್ಮ ವಸ್ತಿಯಿಂದ ಚಾಚಾನ ಅಂಗಡಿಗೆ ಒಂದು ಮೋಟರೂ ಹೋಗಲಿಲ್ಲ. ಸುತ್ತಲಿನ ವಸ್ತಿಗಳಿಗೂ ಮಾತು ಹಬ್ಬಿತು. ಒಂದು ಸಲ ತಿಕೋಟಾ ಬಸ್ ಸ್ಟ್ಯಾಂಡಿನಲ್ಲಿ ಎದುರಾದರು. ಸೊರಗಿದ್ದರು. ನನ್ನನ್ನು ನೋಡಿ ಪಕ್ಕಕ್ಕೆ ಉಗುಳಿ ನಡೆದರು. ಮಾತಾಡಿಸಲಿಲ್ಲವಲ್ಲ ಎಂದು ನನಗೆ ಸಮಾಧಾನವೇ ಆಯಿತು. ಅಂಥವನು ನಾನು.

ಮಿಕ್ಸರ್ ಸುಟ್ಟ ಮರುದಿನ ಅದನ್ನು ಚೀಲಕ್ಕೆ ಹಾಕಿಕೊಂಡು ತಿಕೋಟಾಕ್ಕೆ ಹೋದೆ. ಆ ಓಣಿಗೇ ಹೋದೆ. ಅಂಗಡಿಯಿದ್ದಲ್ಲಿ ಮೊಬೈಲ್ ಕವರುಗಳು ತೂಗುತ್ತಿದ್ದವು, ಸುರುಳಿಗಳು ತೂಗುತ್ತಿದ್ದ ಅದೇ ಮೊಳೆಗಳಿಗೆ. ಚಾಚಾ ತೀರಿಕೊಂಡು ವರ್ಷವಾಯಿತೆಂದು ಅಂಗಡಿಯವನು ಹೇಳಿದ. ಹಿಂದಿನ ಮನೆಯ ಬಾಗಿಲು ಬಡಿದೆ. ಚಾಚಾನ ಹೆಂಡತಿ ಬಾಗಿಲು ಅರ್ಧ ತೆರೆದು, ಯಾವ ಊರೆಂದು ಕೇಳಿದರು. ಹೇಳಿದೆ.

"ಆ ವಸ್ತಿಯಾಂವ?" ಎಂದವರು ಒಳಗೆ ಹೋಗಿ ಒಂದು ತುಕ್ಕು ಹಿಡಿದ ಎಣ್ಣೆ ಡಬ್ಬಿ ತಂದು ಹೊಸ್ತಿಲ ಹೊರಗೆ ಕುಕ್ಕಿದರು. "ತಗೊಂಡ್ ಹೋಗ್ರಿ ನಿಮ್ಮ ಸಾಮಾನ. ಸಾಯೂತನಕ ಕಾಯ್ದ್ರು, ಯಾರರ ಕರೀತಾರ, ಹೋಗಿ ಹಚ್ಚಿ ಬರತೇನಿ ಅಂತ. ನಿಮ್ಮ ವಸ್ತ್ಯಾಗ ಒಬ್ಬಾಂವನೂ ಗಂಡಸ ಇರಲಿಲ್ಲೇನು?"

ಬಾಗಿಲು ಹಾಕಿಕೊಂಡಿತು. ನಾನು ರಸ್ತೆಯ ಮೇಲೆ ಕೂತು ಡಬ್ಬಿ ತೆರೆದೆ. ಮೂವತ್ತೊಂದು ಆಟೋಗಳು. ಒಂದೊಂದಕ್ಕೂ ದಾರ, ದಾರಕ್ಕೆ ಚೀಟಿ, ಚೀಟಿಯಲ್ಲಿ ಹೆಸರು. ನನ್ನ ಹೆಸರಿನವು ಎರಡಿದ್ದವು.

ಈ ವರ್ಷದ ವಾರಕ್ಕೆಂದು ಕಟ್ಟೆಯ ಮೇಲೆ ಕೂಡಿದಾಗ ರೂಢಿಯಂತೆ ಬೈಗುಳ ಶುರುವಾಯಿತು. ನಾನು ಡಬ್ಬಿಯನ್ನು ನಡುವೆ ಇಟ್ಟೆ. ಹೊಸ ಆಟೋ ತಂದು ಕೂರಿಸಿದವನು ನಾನೇ ಎಂದೆ. ಎಂಟು ವರ್ಷ ಬಾಯಿಗೆ ಹಿಡಿದ ವಾರವನ್ನು ಮುರಿದೆ. ಹೊಡೆಯುತ್ತಾರೆ, ಇಲ್ಲವೇ ಎದ್ದು ಹೋಗುತ್ತಾರೆ, ಇನ್ನು ಈ ಕಟ್ಟೆ ಮುಗಿಯಿತು ಎಂದುಕೊಂಡಿದ್ದೆ. ಯಾರೂ ಅಲುಗಲಿಲ್ಲ.

"ಕುಂಡ್ರಲೇ" ಎಂದ ದೊಡ್ಡಪ್ಪನ ಮಗ. "ಗೊತ್ತೈತಿ. ಹೊಸಾ ಆಟೋದ ಖಾಲಿ ರಟ್ಟಿನ ಖೋಕಾ ನಿನ್ನ ಮೋಟರ್ ಮನಿ ಹಿಂದ ಬಿದ್ದಿತ್ತು. ಅವತ್ತ ನೋಡೀನಿ ನಾ. ಎಲ್ಲಾರೂ ನೋಡ್ಯಾರ."

"ಮತ್ತ ಅವರನ್ಯಾಕ..."

"ನಿನ್ನ ಹೊಡದಿದ್ರ, ದಿನಾ ಮುಂಜಾನೆ ನಿನ್ನ ಮಾರಿ ನೋಡಬೇಕಲ್ಲ ನಾವು. ಅಂವಂದು ನೋಡೂದ ಬ್ಯಾಡಿತ್ತು."

ಅದನ್ನು ಹೇಳುವಾಗ ಅವನು ನನ್ನ ಕಡೆ ನೋಡಲಿಲ್ಲ, ಡಬ್ಬಿಯ ಕಡೆಯೂ ನೋಡಲಿಲ್ಲ. ಈ ವಸ್ತಿಯಲ್ಲಿ ನಾವು ಮೂವತ್ತು ಮನೆಯವರು ಒಂದಾಗಿ ಮಾಡಿದ ಕೆಲಸ ಎರಡೇ. ಒಂದು, ಬಾವಿ ಉಳಿಸಿದ್ದು. ಇನ್ನೊಂದು ಚಾಚಾನಿಗೆ ಮಾಡಿದ್ದು. ಎರಡಕ್ಕೂ ಸುಮ್ಮನೆ ಕೂರುವುದಷ್ಟೇ ಸಾಕಾಗಿತ್ತು. ಒಳಗಿನ ಗಾಯ ಮಾಯಿತೇ ಎಂದು ಒಮ್ಮೊಮ್ಮೆ ಕೇಳಿಕೊಳ್ಳುತ್ತೇನೆ. ಅವರ ಕನ್ನಡಕ ಎತ್ತಿಕೊಡಲಿಲ್ಲ ಎಂಬುದೊಂದೇ ಈಗಲೂ ಕಣ್ಣ ಮುಂದೆ ಬರುತ್ತದೆ...

ಡಬ್ಬಿ ಇನ್ನೂ ಬಾವಿಕಟ್ಟೆಯ ಮೇಲೇ ಇದೆ. ತನ್ನ ಹೆಸರಿನದನ್ನು ತೆಗೆದುಕೊಳ್ಳಲು ಈವರೆಗೆ ಯಾರೂ ಅದರೊಳಗೆ ಕೈ ಹಾಕಿಲ್ಲ. ಇಂದು ಮಂಗಳವಾರ. ಕರೆಂಟು ಬಂದು ಒಂದು ತಾಸಾಯಿತು, ಒಂದು ಮೋಟರಿನ ಸಪ್ಪಳವೂ ಇಲ್ಲ. ಈಗಷ್ಟೇ ನನ್ನ ಹೆಂಡತಿ ಬಾವಿಗೆ ಕೊಡ ಬಿಟ್ಟಳು. ಹಗ್ಗ ಎರಡು ಕೈ ಇಳಿಯುವಷ್ಟರಲ್ಲೇ ಕೊಡ ನೀರಿಗೆ ತಾಗಿದ್ದು ಇಲ್ಲಿಯ ತನಕ ಕೇಳಿತು. ಇದನ್ನು ಕೇಳಬೇಕಾದ ಮನುಷ್ಯ ಇಲ್ಲ.